ಬದುವಿನ ಕಾವಲಿಗೆ ಲಾವಂಚ: ಗುಣವೆಷ್ಟು, ಮಿತಿಯೆಷ್ಟು?

ಬೇಸಿಗೆಯಲ್ಲಿ ಕುಡಿಯುವ ನೀರಿನ ಮಡಕೆಗೆ ಒಂದು ಹಿಡಿ ಲಾವಂಚದ ಬೇರು ಹಾಕುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಅದೇ ಬೇರಿನಿಂದ ಬೀಸಣಿಗೆ, ತಟ್ಟಿ ಹೆಣೆಯುವುದನ್ನೂ ನೀವು ನೋಡಿರಬಹುದು. ಆದರೆ ಮಳೆಯಾಶ್ರಿತ ಹೊಲದ ರೈತನಿಗೆ ಈ ಹುಲ್ಲಿನ ಪರಿಮಳಕ್ಕಿಂತ ಅದು ಮಣ್ಣು ಹಿಡಿಯುವ ಗುಣವೇ ಮುಖ್ಯ. ಮುಡಿವಾಳವೆಂದೂ ಕರೆಯುವ ಇದನ್ನು ಹೊಲದ ಬದುವಿಗೆ ಅಥವಾ ನೀರಿನ ಅಭಾವವಿರುವ ಮನೆಯಂಗಳಕ್ಕೆ ನೆಡುವ ಮೊದಲು ಗುಣ, ಮಿತಿ ಎರಡನ್ನೂ ತೂಗಿ ನೋಡಿರಿ.

ಗುಂಡ್ಲುಪೇಟೆಯ ರೂಢಿ

ಇದು ಹೊರಗಿನಿಂದ ಬಂದ ಹೊಸ ವಿದ್ಯೆಯಲ್ಲ. ಗುಂಡ್ಲುಪೇಟೆ ಸುತ್ತಿನ ರೈತರು ಹೊಲದ ಎಲ್ಲೆಗುಂಟ ಲಾವಂಚದ ಸಾಲು ಬೆಳೆಸುವ ಪದ್ಧತಿಯನ್ನು ತಲೆತಲಾಂತರದಿಂದ ಉಳಿಸಿಕೊಂಡು ಬಂದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರಾಗಿದ್ದ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಷಾ ಭಾರತದಲ್ಲಿ ಲಾವಂಚದ ಸಾಲುಬೇಲಿಗೆ ಪ್ರಚಾರ ನೀಡಿದರು. ಗ್ರೀನ್‌ಫೀಲ್ಡ್ ಅವರು 1950ರ ದಶಕದಲ್ಲಿಯೇ ಫಿಜಿ ದ್ವೀಪದ ಕಬ್ಬಿನ ಹೊಲಗಳಲ್ಲಿ ಇದನ್ನು ಬಳಸಿ ನೋಡಿದ್ದರು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಈ ಹುಲ್ಲಿನ ಬಗ್ಗೆ ಒಂದು ಗ್ರಂಥವನ್ನೇ ಹೊರತಂದಿತು.

ಕೆಲಸ ಮಾಡುವ ಬಗೆ

ಲಾವಂಚದ ಬೇರು ಅಕ್ಕಪಕ್ಕಕ್ಕೆ ಹರಡುವುದಕ್ಕಿಂತ ನೇರವಾಗಿ ಕೆಳಕ್ಕೆ ಇಳಿಯುತ್ತದೆ. ಒಳ್ಳೆಯ ಮಣ್ಣಿನಲ್ಲಿ 10 ಅಡಿಯವರೆಗೂ ಹೋಗುವುದುಂಟು. ಆದ್ದರಿಂದ ಮೇಲಿನ ಮಣ್ಣು ಒಣಗಿದರೂ ಬುಡ ಸಾಯುವುದಿಲ್ಲ. ಪಕ್ಕದ ರಾಗಿ, ಜೋಳದೊಡನೆ ನೀರಿಗಾಗಿ ಹೆಚ್ಚು ಪೈಪೋಟಿಯೂ ಇರುವುದಿಲ್ಲ. ಒತ್ತೊತ್ತಾಗಿ ಕೂಡಿದ ಬುಡಗಳು ಹರಿಯುವ ಮಳೆನೀರಿನ ರಭಸ ತಗ್ಗಿಸುತ್ತವೆ. ನೀರು ನಿಧಾನವಾಗಿ ಸೋಸಿ ಮುಂದೆ ಹೋಗುತ್ತದೆ, ಮಣ್ಣು ಹಿಂದೆ ನಿಲ್ಲುತ್ತದೆ. ಮಣ್ಣು ಏರಿದಂತೆಲ್ಲ ಹುಲ್ಲೂ ಮೇಲಿನ ಗೆಣ್ಣಿನಿಂದ ಹೊಸ ಬೇರು ಬಿಟ್ಟು ಏರುತ್ತದೆ. ಬರೀ ಮಣ್ಣಿನ ಬದು ಜೋರು ಮಳೆಗೆ ಒಂದು ಕಡೆ ಒಡೆದರೆ ಅಲ್ಲಿಯೇ ಕೊರಕಲು ಬೀಳುವುದನ್ನು ನೀವು ಬಲ್ಲಿರಿ. ಬೇರು ಹಿಡಿದ ಬದುವಿಗೆ ಆ ಭಯ ಕಡಿಮೆ.

ನೆಡುವ ಕ್ರಮ

ದಕ್ಷಿಣದಲ್ಲಿ ಬೆಳೆಸುವ ಲಾವಂಚ ಬೀಜದಿಂದ ಹರಡುವುದಿಲ್ಲ. ಆದ್ದರಿಂದ ಅದು ಕಳೆಯಾಗಿ ಹೊಲಕ್ಕೆ ನುಗ್ಗೀತೆಂಬ ಚಿಂತೆ ಬೇಡ. ಉತ್ತರ ಭಾರತದ ಕಾಡು ಬಗೆ ಬೀಜ ಕಟ್ಟುವುದರಿಂದ ಅದನ್ನು ತರಬೇಡಿ. ಬಲಿತ ಬುಡವನ್ನು ಅಗೆದು, ಎರಡು ಮೂರು ತೆಂಡೆಗಳ ತುಂಡುಗಳಾಗಿ ಸೀಳಿರಿ. ಗರಿಯನ್ನು 8 ಅಂಗುಲಕ್ಕೂ, ಬೇರನ್ನು 3-4 ಅಂಗುಲಕ್ಕೂ ಕತ್ತರಿಸಿ, ಮುಂಗಾರು ಚೆನ್ನಾಗಿ ಹಿಡಿದ ಮೇಲೆ ನೆಡಿರಿ. ಒಂದಕ್ಕೊಂದು 4ರಿಂದ 6 ಅಂಗುಲ ಅಂತರ ಸಾಕು. 6 ಅಂಗುಲದ ಲೆಕ್ಕದಲ್ಲಿ 100 ಅಡಿ ಬದುವಿಗೆ ಸುಮಾರು 200 ತುಂಡು ಬೇಕಾಗುತ್ತವೆ.

ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಸಾಲು ಹೋಗಬೇಕು. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ, ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಮಟ್ಟ ಗುರುತಿಸಬಹುದು. ಮೊದಲ ವರ್ಷ ಕಳೆ ಕಿತ್ತು, ಸತ್ತ ಬುಡದ ಜಾಗಕ್ಕೆ ಹೊಸದನ್ನು ತುಂಬಿರಿ. ಒಂದು ಸಂದು ಉಳಿದರೂ ನೀರೆಲ್ಲ ಅಲ್ಲಿಗೇ ನುಗ್ಗುತ್ತದೆ. ಸಾಲು ಗಟ್ಟಿಯಾಗಿ ಕೂಡಿಕೊಳ್ಳಲು ಎರಡು ಮೂರು ಮಳೆಗಾಲ ಹಿಡಿಯುತ್ತದೆ.

ಅಂಗಳಕ್ಕೆ ಹೇಗೆ?

ಆಳೆತ್ತರ ಬೆಳೆದು ಬಾಗುವ ಹಸಿರು ಗರಿ ನೋಡಲು ಅಂದ. ಬೇರು ಬಿಟ್ಟ ಮೇಲೆ ದಿನವೂ ನೀರುಣಿಸುವ ಗೋಜಿಲ್ಲ. ಅಂಗಳದ ಅಂಚಿಗೆ, ಬಚ್ಚಲು ನೀರು ಹರಿಯುವ ಕಾಲುವೆಯ ದಂಡೆಗೆ ಹೊಂದುತ್ತದೆ. ಆದರೆ ಮರದ ನೆರಳಿನಲ್ಲಿ ಏಳಿಗೆಯಾಗದು, ಬಿಸಿಲು ಬೇಕೇ ಬೇಕು. ಬೇಸಿಗೆಯಲ್ಲಿ ಗರಿ ಒಣಗಿ ಕಂದಾಗುತ್ತದೆ. ವರ್ಷಕ್ಕೆ ಎರಡು ಮೂರು ಬಾರಿ ಕತ್ತರಿಸಿದರೆ ಬುಡ ಒತ್ತಾಗುತ್ತದೆ, ಬೆಂಕಿಯ ಅಪಾಯವೂ ತಗ್ಗುತ್ತದೆ.

ಮೇವಿನ ಆಸೆ, ಬೇರಿನ ಆಸೆ

ಎಳೆಯ ಗರಿಯನ್ನು ದನ ತಿನ್ನುತ್ತದೆ. ಬಲಿತ ಗರಿಗೆ ಬಾಯಿ ಹಾಕುವುದು ಅಪರೂಪ. ಮೇವೇ ಮುಖ್ಯವೆನ್ನುವವರಿಗೆ ಇದು ತಕ್ಕ ಹುಲ್ಲಲ್ಲ. ಕತ್ತರಿಸಿದ ಗರಿಯನ್ನು ಗಿಡದ ಬುಡಕ್ಕೆ ಮುಚ್ಚಿಗೆಯಾಗಿ, ಕೊಟ್ಟಿಗೆಯ ಸೂರಿಗೆ ಹೊದಿಕೆಯಾಗಿ ಬಳಸಬಹುದು.

ಇನ್ನೊಂದು ಎಚ್ಚರಿಕೆ ಬೇರಿನದು. ಸುಗಂಧ ತೈಲಕ್ಕಾಗಿ ಬೇರಿಗೆ ಬೇಡಿಕೆಯಿದೆ. ಕೈಯಲ್ಲಿ ಕಾಸಿಲ್ಲದ ವರ್ಷ ಬದುವಿನ ಬೇರನ್ನೇ ಅಗೆದು ಮಾರುವ ಮನಸ್ಸಾಗಬಹುದು. ಅಗೆದ ಬದು ಮೊದಲಿಗಿಂತ ಸಡಿಲವಾಗಿ, ಮುಂದಿನ ಮಳೆಗೆ ಮೇಲ್ಮಣ್ಣಿನ ಸಮೇತ ಹೋಗುತ್ತದೆ. ಬೇರು ಮಾರುವ ಉದ್ದೇಶವಿದ್ದರೆ ಸಮತಟ್ಟಾದ ಮರಳು ಮಿಶ್ರಿತ ಭೂಮಿಯಲ್ಲಿ ಬೇರೆಯಾಗಿ ಬೆಳೆಯಿರಿ. ಸುಮಾರು ಒಂದೂವರೆ ವರ್ಷಕ್ಕೆ ಬೇರು ಕೀಳಲು ಬರುತ್ತದೆ. ಖರೀದಿದಾರರನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ಇದಕ್ಕೆ ಕೈ ಹಾಕಬೇಡಿ. ಸುಗಂಧ ಬೆಳೆಗಳ ವಿಚಾರದಲ್ಲಿ ಸಲಹೆ ಬೇಕಾದವರಿಗೆ ಬೆಂಗಳೂರಿನಲ್ಲಿ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯ ಸಂಶೋಧನಾ ಕೇಂದ್ರವಿದೆ.

ಒಟ್ಟಿನಲ್ಲಿ, ಇಳಿಜಾರು ಹೊಲವಿದ್ದವರಿಗೆ ಲಾವಂಚ ನೆಡಲು ಯೋಗ್ಯವಾದ ಹುಲ್ಲು. ಈ ವರ್ಷ ಹಿತ್ತಿಲಿನಲ್ಲಿ ಹತ್ತು ಬುಡ ಬೆಳೆಸಿರಿ. ಬರುವ ಮುಂಗಾರಿಗೆ ಅವನ್ನು ಸೀಳಿ, ಹೆಚ್ಚು ಮಣ್ಣು ಕೊಚ್ಚುವ ಬದುವೊಂದಕ್ಕೆ ಮಾತ್ರ ನೆಡಿರಿ. ಎರಡು ಮಳೆಗಾಲ ಕಳೆದ ಮೇಲೆ ಸಾಲಿನ ಹಿಂದೆ ನಿಂತ ಮಣ್ಣನ್ನು ನೋಡಿ ಉಳಿದ ಬದುಗಳ ವಿಚಾರ ತೀರ್ಮಾನಿಸಿರಿ.