ಸಣ್ಣ ಕಾರಿನ ಇಂಜಿನ್ ಕಾಯುವುದೇಕೆ? ಕಾರಣ ಹುಡುಕುವ ಕ್ರಮ

ಪೆಟ್ರೋಲ್ ಇಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಚಕ್ರ ತಿರುಗಿಸಲು ಒದಗುವುದು ಹೆಚ್ಚೆಂದರೆ ಮೂರನೇ ಒಂದು ಪಾಲು. ಇನ್ನೊಂದು ದೊಡ್ಡ ಪಾಲು ಸೈಲೆನ್ಸರ್ ಮೂಲಕ ಬಿಸಿ ಹೊಗೆಯಾಗಿ ಹೋಗುತ್ತದೆ. ಉಳಿದ ಶಾಖ ಇಂಜಿನ್ನಿನ ಲೋಹದಲ್ಲೇ ನಿಲ್ಲುತ್ತದೆ. ಅದನ್ನು ಹೊತ್ತೊಯ್ದು ಗಾಳಿಗೆ ಬಿಡುವ ಕೆಲಸ ಕೂಲೆಂಟಿನದು. ಈ ಸಾಗಾಟ ಎಲ್ಲಿ ತಡೆದರೂ ಇಂಜಿನ್ ಕಾಯುತ್ತದೆ. ತಡೆ ಎಲ್ಲಿದೆ ಎಂದು ತಿಳಿಯುವ ಮೊದಲೇ ಬಿಡಿಭಾಗ ಬದಲಿಸತೊಡಗಿದರೆ ಹಣ ಹೋಗುತ್ತದೆ, ತೊಂದರೆ ಹಾಗೆಯೇ ಉಳಿಯುತ್ತದೆ.

ಕೂಲೆಂಟಿನ ದಾರಿ ಸರಳವಾದದ್ದು. ವಾಟರ್ ಪಂಪ್ ಅದನ್ನು ಇಂಜಿನ್ ಬ್ಲಾಕ್ ಮತ್ತು ಹೆಡ್ಡಿನ ಒಳಗೆ ಸುತ್ತಿಸುತ್ತದೆ. ಇಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ ವಾಲ್ವ್ ಮುಚ್ಚಿಕೊಂಡು ರೇಡಿಯೇಟರಿನ ದಾರಿಯನ್ನು ತಡೆದಿರುತ್ತದೆ. ಕೂಲೆಂಟ್ ಸುಮಾರು 82ರಿಂದ 88 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ವಾಲ್ವ್ ತೆರೆಯುತ್ತದೆ. ಆಗ ಬಿಸಿ ಕೂಲೆಂಟ್ ರೇಡಿಯೇಟರಿಗೆ ಬಂದು, ತೆಳು ಕೊಳವೆಗಳಲ್ಲಿ ಹರಿದು, ತಣಿದು ಮರಳುತ್ತದೆ. ಓಡುವ ಕಾರಿನಲ್ಲಿ ರೇಡಿಯೇಟರಿಗೆ ಎದುರುಗಾಳಿಯೇ ಸಾಕು. ನಿಂತಾಗ ಅಥವಾ ನಿಧಾನವಾಗಿ ಸಾಗುವಾಗ ಕರೆಂಟಿನ ಫ್ಯಾನ್ ಗಾಳಿ ಎಳೆಯಬೇಕು. ಕೂಲೆಂಟ್ ತುಂಬುವ ಬಾಯಿಯ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟು ಕುದಿಯುವ ಬಿಂದುವನ್ನು ಏರಿಸುತ್ತದೆ. ಚನ್ನಪಟ್ಟಣದ ಸೀಮೆ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97–98 ಡಿಗ್ರಿಗೇ ಕುದಿಯುತ್ತದೆ. ಸರಿಯಾದ ಮುಚ್ಚಳ ಇದ್ದರೆ ಅದೇ ನೀರು 115 ಡಿಗ್ರಿ ದಾಟಿದರೂ ಕುದಿಯದು.

ಯಾವಾಗ ಕಾಯುತ್ತದೆ?

ಕಾರಣ ಹುಡುಕುವ ಕೆಲಸ ಸ್ಪ್ಯಾನರಿನಿಂದಲ್ಲ, ಈ ಪ್ರಶ್ನೆಯಿಂದ ಶುರುವಾಗಬೇಕು. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನ ಕಡೆಯ ಕಾರಿಗೆ ಒಂದೇ ದಿನದಲ್ಲಿ ಎರಡು ಬಗೆಯ ಪರೀಕ್ಷೆ ಎದುರಾಗಬಹುದು. ಹಳ್ಳಿಯ ಕಿರಿದಾದ ರಸ್ತೆಯಲ್ಲೂ ಪಟ್ಟಣದ ದಟ್ಟಣೆಯಲ್ಲೂ ಎರಡನೇ, ಮೂರನೇ ಗೇರಿನ ಓಟ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಗೆ ಹತ್ತಿದ ಮೇಲೆ ಗಂಟೆಗಟ್ಟಲೆ ಒಂದೇ ವೇಗ. ಯಾವ ಪರೀಕ್ಷೆಯಲ್ಲಿ ಕಾರು ಸೋಲುತ್ತದೆ ಎಂಬುದೇ ದೋಷದ ಸುಳಿವು.

ಪಟ್ಟಣದ ದಟ್ಟಣೆಯಲ್ಲಿ ಕಾದು, ಬಯಲಿಗೆ ಬಂದು ವೇಗ ಹಿಡಿದಾಗ ತಣಿದರೆ ಫ್ಯಾನಿನ ಮೇಲೆ ಅನುಮಾನ ಪಡಬೇಕು. ಊರೊಳಗೆ ಸರಿಯಾಗಿದ್ದು, ಹೆದ್ದಾರಿಯ ವೇಗದಲ್ಲೋ ಕಾವೇರಿ ದಂಡೆಯ ಸಂಗಮದಿಂದ ಕನಕಪುರದತ್ತ ಏರಿ ಬರುವಾಗಲೋ ಕಾದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ವಾಟರ್ ಪಂಪ್ ಸೋತಿರಬಹುದು ಅಥವಾ ವಾಲ್ವ್ ಅರ್ಧವೇ ತೆರೆಯುತ್ತಿರಬಹುದು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಗಳಲ್ಲಿ ಕಾದರೆ ವಾಲ್ವ್ ಮುಚ್ಚಿದಲ್ಲೇ ಸಿಕ್ಕಿಕೊಂಡಿದೆ, ಕೂಲೆಂಟೇ ಇಲ್ಲ ಅಥವಾ ಬ್ಲಾಕಿಗೂ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿದೆ. ಎಸಿ ಹಾಕಿದಾಗ ಮಾತ್ರ ಕಾಯುವುದೂ ಉಂಟು. ಎಸಿಯ ಕಂಡೆನ್ಸರ್ ರೇಡಿಯೇಟರಿನ ಮುಂದೆಯೇ ಕೂತು ತನ್ನ ಬಿಸಿಯನ್ನು ಅದರ ಮೇಲೆ ಹಾಯಿಸುವುದರಿಂದ, ಅಲ್ಲಿಯವರೆಗೆ ಹೇಗೋ ನಿಭಾಯಿಸುತ್ತಿದ್ದ ದುರ್ಬಲ ರೇಡಿಯೇಟರ್ ಆಗ ಬಯಲಾಗುತ್ತದೆ.

ರಸ್ತೆಯಲ್ಲಿ ಕಾದಾಗ

ಕೆಂಪು ದೀಪ ಹೊತ್ತಿಕೊಂಡರೆ ಅಥವಾ ಗೇಜಿನ ಮುಳ್ಳು ಕೆಂಪು ಗೆರೆ ಸೇರಿದರೆ ಎಸಿ ಆರಿಸಿ, ಹೀಟರನ್ನು ಪೂರ್ತಿ ತೆರೆದು, ರಸ್ತೆಯ ಎಡಬದಿಗೆ ನಿಲ್ಲಿಸಬೇಕು. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರ್. ನಿಲ್ಲಿಸಲು ಜಾಗ ಸಿಗುವವರೆಗೆ ಅದು ಸ್ವಲ್ಪ ಶಾಖ ಇಳಿಸುತ್ತದೆ. ನಿಂತ ಕೂಡಲೇ ಇಂಜಿನ್ ಆಫ್ ಮಾಡಬೇಕು. ಹೆದ್ದಾರಿಯಲ್ಲಾದರೆ ಹಜಾರ್ಡ್ ದೀಪ ಹಾಕಿ, ಜನರನ್ನು ಕಾರಿನಿಂದ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಬೇಕು. ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ 1033.

ಬಿಸಿ ಇರುವಾಗ ಮುಚ್ಚಳ ಬಿಚ್ಚಲೇಬಾರದು. ಒತ್ತಡ ತಪ್ಪಿದ ಕ್ಷಣವೇ ಒಳಗಿನ ಕೂಲೆಂಟ್ ಆವಿಯಾಗಿ ಚಿಮ್ಮಿ ಮುಖ, ಕೈ ಸುಡುತ್ತದೆ. ಕನಿಷ್ಠ ಅರ್ಧ ಗಂಟೆ ಬಿಟ್ಟು, ಮೇಲಿನ ಹೋಸ್ ಪೈಪ್ ಹಿಚುಕಿದರೆ ಮೆತ್ತಗೆ ಸಿಗುವಷ್ಟು ತಣಿದ ಮೇಲೆ, ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ತಿರುಗಿಸಬೇಕು. ಕಾದ ಇಂಜಿನ್ನಿಗೆ ಒಮ್ಮೆಲೇ ತಣ್ಣೀರು ಸುರಿದರೆ ಅಲ್ಯೂಮಿನಿಯಂ ಹೆಡ್ ಸೀಳಬಹುದು. ಇನ್ನೊಂದು ಮೋಸವನ್ನೂ ತಿಳಿದಿರಬೇಕು: ಕೂಲೆಂಟ್ ಪೂರ್ತಿ ಖಾಲಿಯಾದರೆ ಸೆನ್ಸರ್ ಬರೀ ಗಾಳಿಯಲ್ಲಿ ಉಳಿದು, ಗೇಜಿನ ಮುಳ್ಳು ತಣ್ಣಗಿನ ಕಡೆಗೇ ಇಳಿಯಬಹುದು. ಇಂಜಿನ್ನಿನ ಎಳೆತ ಕುಂದಿ, ಸುಟ್ಟ ವಾಸನೆ ಬರುತ್ತಿದ್ದರೆ ಗೇಜನ್ನು ನಂಬದೆ ನಿಲ್ಲಿಸಬೇಕು.

ತಣ್ಣಗಿರುವಾಗ ನೋಡಬೇಕಾದ್ದು

ಪರೀಕ್ಷೆ ಖರ್ಚಿಲ್ಲದ್ದರಿಂದ ಶುರುವಾಗಿ ಖರ್ಚಿನದ್ದರ ಕಡೆಗೆ ಸಾಗಬೇಕು. ಮೊದಲು ಕೂಲೆಂಟಿನ ಮಟ್ಟ. ಪಕ್ಕದ ಬಾಟಲಿಯಷ್ಟೇ ಅಲ್ಲ, ರೇಡಿಯೇಟರಿಗೇ ಮುಚ್ಚಳ ಇರುವ ಕಾರಿನಲ್ಲಿ ಅದರ ಬಾಯನ್ನೂ ನೋಡಬೇಕು. ಬಾಟಲಿ ತುಂಬಿದ್ದೂ ರೇಡಿಯೇಟರ್ ಖಾಲಿ ಇರಬಹುದು. ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಸೋರಿಕೆ ಇದ್ದೇ ಇದೆ. ಹೋಸ್ ಪೈಪಿನ ಕ್ಲಿಪ್ಪುಗಳು, ರೇಡಿಯೇಟರಿನ ಅಂಚು, ವಾಟರ್ ಪಂಪಿನ ಕೆಳಭಾಗ, ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಈ ಕಡೆಗಳಲ್ಲಿ ಒದ್ದೆ ಅಥವಾ ಒಣಗಿದ ಬಣ್ಣದ ಕಲೆ ಹುಡುಕಬೇಕು. ಮ್ಯಾಟ್ ಒದ್ದೆಯಾಗಿ ಅಂಟುತ್ತಿದ್ದರೆ ಹೀಟರಿನ ಒಳಗೇ ಸೋರಿಕೆ. ಮುಚ್ಚಳದ ರಬ್ಬರ್ ಬಿರಿದಿದ್ದರೆ, ಸ್ಪ್ರಿಂಗ್ ಸೋತಿದ್ದರೆ ಅದನ್ನು ಬದಲಿಸಬೇಕು. ಇಡೀ ವ್ಯವಸ್ಥೆಯ ಅಗ್ಗದ ಭಾಗಗಳಲ್ಲಿ ಇದೂ ಒಂದು.

ನಂತರ ಗಾಳಿಯ ದಾರಿ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಗೇ ಹರಡಿ ಒಕ್ಕುವ ಊರುಗಳಲ್ಲಿ ಹೊಟ್ಟು, ಹುಲ್ಲು, ದೂಳು ಎದ್ದು ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವೆ ಸೇರಿಕೊಳ್ಳುತ್ತವೆ. ಮುಂದಿನಿಂದ ನೋಡಿದರೆ ಶುಭ್ರವಾಗಿಯೇ ಕಾಣುತ್ತದೆ. ಟಾರ್ಚ್ ಬಿಟ್ಟು ನಡುವಿನ ಸಂದಿಯನ್ನೇ ನೋಡಬೇಕು. ಇಂಜಿನ್ ಕಡೆಯಿಂದ ಹೊರಕ್ಕೆ ಸಣ್ಣ ಒತ್ತಡದಲ್ಲಿ ನೀರು ಹಾಯಿಸಿದರೆ ಕಸ ಬಂದ ದಾರಿಯಲ್ಲೇ ಹೋಗುತ್ತದೆ. ಸರ್ವಿಸ್ ಸ್ಟೇಷನ್ನಿನ ಜೋರು ಪೈಪ್ ಹಿಡಿದರೆ ತೆಳು ಫಿನ್‌ಗಳು ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಹುಲ್ಲು ಸೈಲೆನ್ಸರಿಗೆ ಸುತ್ತಿಕೊಂಡರೆ ಬೆಂಕಿಯ ಭಯವೂ ಇದೆ.

ಫ್ಯಾನಿನ ಪರೀಕ್ಷೆಯೂ ಸುಲಭ. ಬಹುತೇಕ ಕಾರುಗಳಲ್ಲಿ ಎಸಿ ಹಾಕಿದರೆ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಆಮೇಲೆ ಮೋಟರ್. ಮೋಟರಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟಾಗ ತಿರುಗಿದರೆ ದೋಷ ವೈರಿಂಗಿನಲ್ಲೋ ಸೆನ್ಸರಿನಲ್ಲೋ ಇದೆ ಎಂದರ್ಥ. ವಾಟರ್ ಪಂಪನ್ನು ಬೆಲ್ಟ್ ತಿರುಗಿಸುವ ಕಾರುಗಳಲ್ಲಿ ಬೆಲ್ಟಿನ ಬಿಗಿಯನ್ನೂ ನೋಡಬೇಕು.

ವಾಲ್ವಿನ ಅನುಮಾನಕ್ಕೆ ಕೈಯೇ ಸಾಕು. ಇಂಜಿನ್ ಬಿಸಿಯಾದ ಮೇಲೂ ಮೇಲಿನ ಹೋಸ್ ಕಾದು, ರೇಡಿಯೇಟರಿನ ಇನ್ನೊಂದು ತುದಿಯ ಹೋಸ್ ತಣ್ಣಗೇ ಉಳಿದರೆ ಕೂಲೆಂಟ್ ಹರಿಯುತ್ತಿಲ್ಲ. ಬಿಚ್ಚಿದ ವಾಲ್ವನ್ನು ಪಾತ್ರೆಯ ನೀರಿನಲ್ಲಿ ಥರ್ಮಾಮೀಟರ್ ಜೊತೆ ಕಾಯಿಸಬೇಕು: 82 ಡಿಗ್ರಿಯದು ಆ ಸುಮಾರಿಗೆ ಬಿರಿಯತೊಡಗಿ 95ರ ಹೊತ್ತಿಗೆ ಪೂರ್ತಿ ತೆರೆಯಬೇಕು. ನಮ್ಮ ಸೆಖೆಗೆ ವಾಲ್ವೇ ಬೇಡ ಎಂದು ಅದನ್ನು ಕಿತ್ತು ಹಾಕುವ ರೂಢಿ ಅನೇಕ ಗ್ಯಾರೇಜುಗಳಲ್ಲಿದೆ. ಅದು ತಪ್ಪು. ವಾಲ್ವ್ ಇಲ್ಲದ ಇಂಜಿನ್ ಬೇಗ ಬಿಸಿಯೇರದೆ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಬೇಗ ಸವೆಯುತ್ತದೆ. ನಿಜವಾದ ದೋಷ ಬೇರೆಡೆ ಇದ್ದರೆ ಮರೆಯಾಗುತ್ತದೆ.

ಹೆಡ್ ಗ್ಯಾಸ್ಕೆಟ್

ಇವೆಲ್ಲ ಸರಿಯಿದ್ದೂ ಕಾಯುತ್ತಿದ್ದರೆ ಗ್ಯಾಸ್ಕೆಟ್ ಕಡೆ ತಿರುಗಬೇಕು. ಹೊರಗೆ ಎಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುವುದು, ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ, ತಣ್ಣಗೆ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಹೋಸ್ ಕಲ್ಲಿನಂತೆ ಬಿಗಿಯುವುದು, ರೇಡಿಯೇಟರಿನಲ್ಲಿ ನಿಲ್ಲದ ಗುಳ್ಳೆ ಇವು ಲಕ್ಷಣಗಳು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಕಾರನ್ನು ಓಡಿಸದೆ ಎಳೆಸಿಕೊಂಡು ಹೋಗಬೇಕು. ಆಯಿಲ್ ಮುಚ್ಚಳದ ಅಡಿಯಲ್ಲಿ ಮಾತ್ರ ತುಸು ಕೆನೆ ಕಂಡರೆ ಗಾಬರಿ ಬೇಡ. ಚಳಿಗಾಲದಲ್ಲಿ ಸಣ್ಣ ಸಣ್ಣ ಓಡಾಟ ಮಾಡುವ ಕಾರಿನಲ್ಲಿ ಇಬ್ಬನಿಯಂತೆ ಕಟ್ಟುವ ತೇವವೂ ಹಾಗೆ ಕಾಣುತ್ತದೆ.

ಗ್ಯಾಸ್ಕೆಟ್ ಬದಲಿಸುವಾಗ ಹೆಡ್ ಬೆಂಡಾಗಿದೆಯೇ ಎಂದು ಅಳೆಸಬೇಕು. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಬಾಗು ಕೂಡ ಹೊಸ ಗ್ಯಾಸ್ಕೆಟ್ಟನ್ನು ಸೋರಿಸಬಲ್ಲದು. ಬಾಗಿದ್ದರೆ ವರ್ಕ್‌ಶಾಪಿನಲ್ಲಿ ಫೇಸಿಂಗ್ ಮಾಡಿಸಿ, ಅಂದರೆ ಮೈ ಸಮತಟ್ಟು ಮಾಡಿಸಿಯೇ ಕೂರಿಸಬೇಕು. 1983ರಿಂದ 2014ರವರೆಗೆ ತಯಾರಾದ ಮಾರುತಿ 800ರ 796 ಸಿಸಿ, ಮೂರು ಸಿಲಿಂಡರಿನ ಇಂಜಿನ್ನಿಗೂ ಅಲ್ಯೂಮಿನಿಯಂ ಹೆಡ್ಡೇ ಇತ್ತು. ಹೀಗೆ ಹಗುರವಾಗಿ ಕಟ್ಟಿದ ಇಂಜಿನ್ ಒಂದೇ ಒಂದು ಸಲ ಅತಿಯಾಗಿ ಕಾದರೂ ಈ ಹಂತಕ್ಕೆ ಬರಬಹುದು.

ಬೋರ್‌ವೆಲ್ ನೀರು

ರಾಮನಗರ ಸೀಮೆಯ ನೆಲದಡಿ ಇರುವುದು ಗ್ರಾನೈಟ್ ಬಂಡೆ. ಭೂವಿಜ್ಞಾನಿಗಳು ಈ ಬಂಡೆಯನ್ನು ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಆಳದ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡುಸು. ಬಚ್ಚಲಮನೆಯ ಹಂಡೆಯ ಒಳಗೆ ಕಟ್ಟುವ ಬಿಳಿ ಪದರದಂತೆ ಈ ನೀರಿನ ಸುಣ್ಣದಂಶ ಕಾದಾಗ ಬೇರ್ಪಟ್ಟು ರೇಡಿಯೇಟರಿನ ಕೊಳವೆಗಳನ್ನೂ ಹೆಡ್ಡಿನ ಒಳದಾರಿಗಳನ್ನೂ ಕಿರಿದಾಗಿಸುತ್ತದೆ. ಬರೀ ನೀರಿನಲ್ಲಿ ತುಕ್ಕು ತಡೆಯುವ ಅಂಶವೂ ಇರುವುದಿಲ್ಲ. ಕುದಿಯುವ ಬಿಂದುವೂ ಕಡಿಮೆ.

ದಾರಿಯಲ್ಲಿ ಬೇರೆ ಉಪಾಯವಿಲ್ಲದಾಗ ಸಿಕ್ಕ ಶುದ್ಧ ನೀರು ಹಾಕಬಹುದು. ಆದರೆ ಊರು ಸೇರಿದ ಮೇಲೆ ಅದನ್ನು ಇಳಿಸಿ, ತೊಳೆದು, ಸರಿಯಾದ ಕೂಲೆಂಟ್ ತುಂಬಿಸಬೇಕು. ನೇರವಾಗಿ ಹಾಕುವ ಬಗೆಗೆ ನೀರು ಬೆರೆಸಬಾರದು. ಗಟ್ಟಿ ಬಗೆಗೆ ಡಿಸ್ಟಿಲ್ಡ್ ನೀರನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಬೇಕು. ಹಸಿರು, ಕೆಂಪು ಎಂಬ ಬಣ್ಣ ನೋಡಿ ಕೊಳ್ಳದೆ, ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯನ್ನೇ ಕೇಳಬೇಕು. ಎರಡು ಬಗೆ ಬೆರೆತರೆ ಗಸಿ ಕಟ್ಟಬಹುದು. ರೇಡಿಯೇಟರಿಗೆ ಮುಚ್ಚಳ ಇರುವ ಕಾರಿನಲ್ಲಿ, ತುಂಬಿದ ಮೇಲೆ ತಣ್ಣಗಿನ ಇಂಜಿನ್ನನ್ನು ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿ, ಗುಳ್ಳೆ ನಿಲ್ಲುವವರೆಗೆ ನಿಧಾನವಾಗಿ ಸೇರಿಸುತ್ತ ಒಳಗೆ ಸಿಕ್ಕ ಗಾಳಿಯನ್ನು ಹೊರಹಾಕಬೇಕು. ಇದನ್ನು ಮರೆತರೆ ರಿಪೇರಿ ಸರಿಯಾಗಿದ್ದೂ ಇಂಜಿನ್ ಮತ್ತೆ ಕಾಯುತ್ತದೆ.

ತಿಂಗಳಿಗೊಮ್ಮೆ ತಣ್ಣಗಿರುವಾಗ ಕೂಲೆಂಟಿನ ಮಟ್ಟ, ಸುಗ್ಗಿ ಮುಗಿದ ಮೇಲೆ ರೇಡಿಯೇಟರಿನ ಸಂದಿ, ಬೇಸಿಗೆಗೆ ಮೊದಲು ಫ್ಯಾನ್ ಮತ್ತು ಹೋಸ್, ಕೈಪಿಡಿ ಹೇಳಿದ ಅವಧಿಗೆ ಹೊಸ ಕೂಲೆಂಟ್: ಇಷ್ಟು ನೋಡಿಕೊಂಡರೆ ಸಣ್ಣ ಕಾರು ಹೆಡ್ ಬಿಚ್ಚುವ ಹಂತಕ್ಕೆ ಬರುವುದು ಅಪರೂಪ.