ಹಿತ್ತಲಿನ ಟೊಮೇಟೊ: ಎಲೆ ತಿರುಗಿಸಿ ನೋಡಿ



ಹಿತ್ತಲಲ್ಲಿ ನಾಲ್ಕು ಟೊಮೇಟೊ ಗಿಡಗಳಿದ್ದರೆ ಸಾರಿಗಾಗಿ ಸಂತೆಯ ದಿನ ಕಾಯಬೇಕಾಗಿಲ್ಲ. ಆದರೆ ಎಲೆ ಕೆಟ್ಟರೆ ಫಸಲೂ ಕೆಟ್ಟಂತೆಯೇ. ಹಾಗೆಂದು ಕೂಡಲೇ ಔಷಧಕ್ಕೆ ಓಡಬೇಡಿ. ಯಾವ ರೋಗವೆಂದು ಮೊದಲು ಗುರುತಿಸಿ. ಮುಖ್ಯವಾದವು ಮೂರು.

1. ಎಲೆಚುಕ್ಕೆ ರೋಗ: ಬುಡದ ಹಳೆಯ ಎಲೆಗಳಲ್ಲಿ ಕಂದು ಚುಕ್ಕೆಗಳು, ಒಳಗೆ ಬಳೆಯೊಳಗೆ ಬಳೆಯಿಟ್ಟಂತೆ ಉಂಗುರಗಳು. ಇದು ಬೂಷ್ಟಿನಿಂದ ಬರುತ್ತದೆ. ಮಣ್ಣಿನ ಮೇಲಿನ ರೋಗದ ಕಸದಿಂದ ನೀರು ಸಿಡಿದು ಎಲೆಗೆ ಹತ್ತುತ್ತದೆ.

2. ಅಂಗಮಾರಿ: ಮೋಡ, ಜಡಿಮಳೆ, ತಂಪು ಹವೆಯಲ್ಲಿ ನೀರಲ್ಲಿ ನೆನೆದಂಥ ಕಪ್ಪು ಮಚ್ಚೆ. ಬೆಳಗ್ಗೆ ಎಲೆ ತಿರುಗಿಸಿದರೆ ಬಿಳಿ ಬೂಷ್ಟು. ಕೆಲವೇ ದಿನಗಳಲ್ಲಿ ಗಿಡ ಸುಟ್ಟಂತಾಗುತ್ತದೆ.

3. ಮುಟುರು ರೋಗ: ಎಲೆ ಮೇಲಕ್ಕೆ ಸುರುಳಿಗೊಂಡು ಹಳದಿಯಾಗಿ, ಗಿಡ ಕುಳ್ಳಾಗುತ್ತದೆ. ಇದು ವೈರಸ್ ರೋಗ. ಎಲೆಯಡಿಯ ಬಿಳಿ ನೊಣ ಇದನ್ನು ಹರಡುತ್ತದೆ.

ಮೊದಲೆರಡಕ್ಕೆ ಉಪಾಯ: ನೀರನ್ನು ಬುಡಕ್ಕೆ ಹಾಕಿ, ಎಲೆಗಲ್ಲ. ಗಿಡಕ್ಕೆ ಊರುಗೋಲು ಕೊಡಿ, ನೆಲಕ್ಕೆ ತಾಗುವ ಎಲೆ ಚಿವುಟಿ, ಬುಡಕ್ಕೆ ಒಣಹುಲ್ಲು ಹೊದಿಸಿ. ರೋಗದ ಎಲೆಗಳನ್ನು ತಿಪ್ಪೆಗೆ ಹಾಕದೆ ಸುಡಿ. ಬದನೆ, ಆಲೂಗಡ್ಡೆ ಬೆಳೆದ ಜಾಗದಲ್ಲೇ ಮತ್ತೆ ಟೊಮೇಟೊ ನೆಡಬೇಡಿ.

ರೋಗ ಹೆಚ್ಚುವ ಮೊದಲೇ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಿ. 10 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಲ್ಲಿ, 10 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಸೋಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯಿರಿ. ಮಣ್ಣಿನ ಇಲ್ಲವೆ ಪ್ಲಾಸ್ಟಿಕ್ ಪಾತ್ರೆಯೇ ಇರಲಿ. ಉಜ್ಜಿದ ಕಬ್ಬಿಣದ ಚಾಕು ಅದ್ದಿ. ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ. ಅದೇ ದಿನ ಬಳಸಿ. ಆಮೇಲೆ ಒಂದು ವಾರ ಹಣ್ಣು ಕೀಳಬೇಡಿ. ಕಿತ್ತದ್ದನ್ನು ಚೆನ್ನಾಗಿ ತೊಳೆಯಿರಿ.

ಮುಟುರಿಗೆ ಮಾತ್ರ ಈ ದ್ರಾವಣ ನಾಟದು. ಇಲ್ಲಿ ನಾನೇ ತಪ್ಪಿದ್ದೇನೆ. ಒಂದು ಹಿತ್ತಲಲ್ಲಿ ಮುಟುರು ಹಿಡಿದ 2 ಗಿಡಗಳನ್ನು ಬೂಷ್ಟೆಂದು ತಿಳಿದು ಎರಡು ವಾರ ಸಿಂಪಡಿಸಿದೆ. ಅಷ್ಟರಲ್ಲಿ ನೊಣ ಮಡಿಗೆಲ್ಲ ರೋಗ ಹಂಚಿ 14 ಗಿಡಗಳು ಹೋದವು. ಆ ಮನೆಯ ತಾಯಿ ನನ್ನನ್ನು ಬಯ್ಯಲಿಲ್ಲ. ಅದೇ ಹೆಚ್ಚು ನೋಯಿಸಿತು. ಮೊದಲ ದಿನವೇ 2 ಗಿಡ ಕಿತ್ತು ಸುಟ್ಟಿದ್ದರೆ ಉಳಿದವು ಉಳಿಯುತ್ತಿದ್ದವೇನೋ.

ಆದ್ದರಿಂದ ಸಸಿಮಡಿಗೆ ತೆಳು ನೈಲಾನ್ ಬಲೆ ಹೊದಿಸಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತಳಿ ಮುಟುರನ್ನೂ ಎಲೆಚುಕ್ಕೆಯನ್ನೂ ತಡೆದುಕೊಳ್ಳುತ್ತದೆ. ಸಂಕರ ತಳಿಯಾದ್ದರಿಂದ ಪ್ರತಿ ಸಲ ಹೊಸ ಬೀಜ ತರಬೇಕು.

ನಾಳೆ ಬೆಳಗ್ಗೆ ನಿಮ್ಮ ಗಿಡದ ನಾಲ್ಕು ಎಲೆ ತಿರುಗಿಸಿ ನೋಡಿ. ಸಂಶಯವಿದ್ದರೆ ಒಂದೆಲೆ ತಂದು ತೋರಿಸಿ.