ಆವರ್ತ ಶುಲ್ಕದ ವೈಫಲ್ಯವೂ ಅದರ ಪರೀಕ್ಷೆಯೂ

ಶಾಸ್ತ್ರದ ಪ್ರವೃತ್ತಿಯು ಉದ್ದೇಶ, ಲಕ್ಷಣ, ಪರೀಕ್ಷೆ ಎಂದು ಮೂರು ಬಗೆಯೆಂಬುದು ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನ ಮತ. ಈಚಿನ ಗಣಕಯಂತ್ರ ವ್ಯವಹಾರದ ವಿಚಾರಕ್ಕೂ ಈ ಕ್ರಮವು ಒಪ್ಪುವುದು. ಇಂದು ಪತ್ರಿಕೆ ಮೊದಲಾದವುಗಳ ಚಂದಾಹಣವು, ಚಂದಾದಾರನು ಒಮ್ಮೆ ಸಮ್ಮತಿಯನ್ನಿತ್ತರೆ, ತಿಂಗಳು ತಿಂಗಳೂ ಅವನ ಬ್ಯಾಂಕು ಕಾರ್ಡಿನ ಮೂಲಕ ತಾನಾಗಿ ಸಲ್ಲುತ್ತದೆ. ಇದೇ ಆವರ್ತ ಶುಲ್ಕ. ಅದು ಸಲ್ಲದೆ ಹೋದಾಗ ಯಂತ್ರವು ನ್ಯಾಯವಾಗಿ ನಡೆದುಕೊಳ್ಳುವುದೇ ಎಂಬುದು ಪ್ರಕೃತ ವಿಚಾರ.

ವೈಫಲ್ಯವು ಮುಖ್ಯವಾಗಿ ಮೂರು ತೆರನಾದುದು. ಖಾತೆಯಲ್ಲಿ ಹಣ ಸಾಲದಿರುವುದು ತಾತ್ಕಾಲಿಕ. ಕೆಲವು ದಿನಗಳ ಮೇಲೆ ಕೇಳಿದರೆ ಸಲ್ಲಬಹುದು. ಕಳೆದುಹೋಯಿತೆಂದು ರದ್ದಾದ ಕಾರ್ಡನ್ನು ಎಷ್ಟು ಸಲ ಕೇಳಿದರೂ ವ್ಯರ್ಥ. ಚಂದಾದಾರನಿಂದ ಬೇರೊಂದನ್ನು ಪಡೆಯಬೇಕು. ಮೂರನೆಯದು ಅನುಮತಿಯ ಅಭಾವ. ಭಾರತದ ರಿಜರ್ವ್ ಬ್ಯಾಂಕು, ಪ್ರತಿ ಸಲವೂ ಪ್ರತ್ಯೇಕ ದೃಢೀಕರಣವಿಲ್ಲದೆ ಸಲ್ಲಬಹುದಾದ ಮೊತ್ತದ ಮಿತಿಯನ್ನು ೨೦೨೨ರಲ್ಲಿ ೫,೦೦೦ ರೂಪಾಯಿಗಳಿಂದ ೧೫,೦೦೦ ರೂಪಾಯಿಗಳಿಗೆ ಏರಿಸಿತು. ಮಿತಿಯನ್ನು ಮೀರಿದ ಶುಲ್ಕಕ್ಕೆ ದೃಢೀಕರಣವು ದೊರೆಯದಿದ್ದರೆ, ಖಾತೆಯಲ್ಲಿ ಹಣವಿದ್ದರೂ ಅದು ಸಲ್ಲದು. ಈ ಭೇದವನ್ನರಿಯದ ಯಂತ್ರವು ಕೊಡಲು ಮನಸ್ಸುಳ್ಳವನನ್ನೂ ಬಾಕಿದಾರನೆಂದೆಣಿಸಿ ಹೊರಗಿಡುವುದು.

ಇನ್ನು ಪರೀಕ್ಷೆ. ಮೊದಲ ತಿಂಗಳು ಸಂದ ಶುಲ್ಕವು ಎರಡನೆಯ ತಿಂಗಳಿಗೆ ಪ್ರಮಾಣವಾಗದು. ಆದಿಯಲ್ಲಿಯೇ ತಿರಸ್ಕೃತವಾಗುವ ಕಾರ್ಡಿನಿಂದಲೂ ಪ್ರಯೋಜನವಿಲ್ಲ. ಅದರಿಂದ ಚಂದಾವೇ ಆರಂಭವಾಗದು. ಆದುದರಿಂದ ಸ್ಟ್ರೈಪ್ ಎಂಬ ಸಂಸ್ಥೆಯು ಪರೀಕ್ಷೆಗಾಗಿಯೇ ೪೦೦೦ ೦೦೦೦ ೦೦೦೦ ೦೩೪೧ ಎಂಬ ಕೃತಕ ಸಂಖ್ಯೆಯೊಂದನ್ನು ಇಟ್ಟಿದೆ. ಇದು ಗ್ರಾಹಕನ ಲೆಕ್ಕಕ್ಕೆ ನಿರ್ವಿಘ್ನವಾಗಿ ಸೇರುತ್ತದೆ. ಹಣ ಕೇಳಿದೊಡನೆ ನಿರಾಕರಿಸುತ್ತದೆ. ಸಲ್ಲತಕ್ಕ ಪರೀಕ್ಷಾಕಾರ್ಡಿನಿಂದ ಚಂದಾವನ್ನು ಆರಂಭಿಸಿ, ಅದರ ಸ್ಥಾನದಲ್ಲಿ ಇದನ್ನಿಟ್ಟು, ಪರೀಕ್ಷೆಗೆಂದೇ ಇರುವ ಗಡಿಯಾರವನ್ನು ಒಂದು ತಿಂಗಳು ಮುಂದಕ್ಕೆ ನಡೆಸಬೇಕು. ನಿಜವಾದ ಹಣವು ಎಲ್ಲಿಯೂ ಚಲಿಸದು. ತಿಂಗಳ ಫಲವು ಸ್ವಲ್ಪ ಹೊತ್ತಿನಲ್ಲಿಯೇ ಗೋಚರವಾಗುವುದು.

ಆಗ ನೋಡತಕ್ಕುದು ಇಷ್ಟು: ಶುಲ್ಕವು ಬಾಕಿಯೆಂದು ದಾಖಲಾಯಿತೇ? ಚಂದಾದಾರನಿಗೆ ಸೂಚನೆ ಹೋಯಿತೇ? ಪುನಃ ಯತ್ನವು ಗೊತ್ತುಮಾಡಿದ ದಿನದಲ್ಲಿಯೇ ನಡೆಯಿತೇ? ಕೊನೆಯ ಯತ್ನಕ್ಕೆ ಮುಂಚೆ ಸೌಕರ್ಯವು ನಿಂತುಹೋಗಲಿಲ್ಲವಷ್ಟೆ? ಬಳಿಕ ಸಲ್ಲತಕ್ಕ ಕಾರ್ಡನ್ನು ಮರಳಿ ಇಟ್ಟು, ಬಾಕಿಯು ಒಂದೇ ಸಲ ತೀರಿತೇ ಎಂಬುದನ್ನೂ ನೋಡಬೇಕು. ಬ್ಯಾಂಕಿನ ಉತ್ತರವು ತಡವಾದಾಗ ಯಂತ್ರವು ಅದೇ ಬೇಡಿಕೆಯನ್ನು ಮತ್ತೆ ಕಳುಹಿಸುವುದುಂಟು. ಎರಡಕ್ಕೂ ಒಂದೇ ಗುರುತು ಇಲ್ಲದಿದ್ದರೆ ಹಣವು ಎರಡು ಸಲ ಹೋಗುವುದು.

ಹೀಗೆ ಕಾರ್ಡು ಕೆಟ್ಟಾಗ ಶುಲ್ಕ ನಿಲ್ಲುವುದನ್ನೂ, ಸರಿಹೋದಾಗ ಸಲ್ಲುವುದನ್ನೂ ಅನ್ವಯವ್ಯತಿರೇಕಗಳಿಂದ ಕಂಡಲ್ಲದೆ ಪರೀಕ್ಷೆ ಮುಗಿದಂತಾಗದು. ಇಷ್ಟು ನಡೆಯದ ಕಡೆ, ದೋಷವು ಯಂತ್ರದ್ದಾದರೂ ಬಾಕಿದಾರನೆಂಬ ಹೆಸರು ಚಂದಾದಾರನಿಗೆ ಬರುವುದು.